ವೈಮಾನಿಕನ ನಿದ್ದೆ

ನಮ್ಮ ಪುರಾಣಗಳಲ್ಲಿ ನಿದ್ದೆಯನ್ನು ಗೆದ್ದವರು ಬಹಳ ಮಂದಿಯಿಲ್ಲ. ಅರ್ಜುನನಿಗೆ 'ಗುಡಾಕೇಶ'ನೆಂದು ಒಂದು ಹೆಸರುಂಟು. ಗುಡಾಕಾ ಎಂದರೆ ನಿದ್ದೆ, ಅದಕ್ಕೆ ಒಡೆಯನಾದವನು ಗುಡಾಕೇಶ ಎಂದು ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ. ಹದಿನಾಲ್ಕು ವರ್ಷ ಕಾಡಿನಲ್ಲಿ ಅಣ್ಣ ಅತ್ತಿಗೆಯರ ಎಲೆಮನೆಯ ಮುಂದೆ ಬಿಲ್ಲು ಹಿಡಿದು ನಿಂತ ಲಕ್ಷ್ಮಣನು ಒಮ್ಮೆಯೂ ಕಣ್ಣು ಮುಚ್ಚಲಿಲ್ಲವೆಂದು ಜನ ನಂಬಿದರು. ಆದರೆ ಹಾಗೆ ನಂಬಿದ ಜನಪದರೇ, ಲೆಕ್ಕ ಸರಿಹೋಗಬೇಕೆಂದು, ಅವನ ಪಾಲಿನ ನಿದ್ದೆಯನ್ನೆಲ್ಲ ಅಯೋಧ್ಯೆಯಲ್ಲಿ ಉಳಿದ ಊರ್ಮಿಳೆಯ ಮೇಲೆ ಹೊರಿಸಿದರು. ಈ ಕಥೆಯನ್ನು ಕಟ್ಟಿದವರ ವಿವೇಕಕ್ಕೆ ತಲೆದೂಗಬೇಕು. ಒಬ್ಬನು ನಿದ್ದೆಗೆಟ್ಟರೆ ಅದು ಸಾಲವಾಗಿ ನಿಲ್ಲುತ್ತದೆ. ಅವನು ತೀರಿಸದಿದ್ದರೆ ಇನ್ನಾರಾದರೂ ತೀರಿಸಲೇಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು.

ಇಂದು ಈ ಸಾಲದ ಲೆಕ್ಕ ಪುರಾಣದಿಂದ ಇಳಿದು ನ್ಯಾಯಾಲಯಗಳ ಕಡತಗಳನ್ನು ಸೇರಿದೆ. ವಿಮಾನ ನಡೆಸುವವರು ದಿನಕ್ಕೆ ಎಷ್ಟು ಗಂಟೆ ದುಡಿಯಬೇಕು, ವಾರಕ್ಕೆ ಎಷ್ಟು ಗಂಟೆ ವಿಶ್ರಮಿಸಬೇಕು, ರಾತ್ರಿಯೆಂದರೆ ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ಎಂಬ ಪ್ರಶ್ನೆಗಳು ನಮ್ಮ ದೇಶದಲ್ಲಿ ಬಹುಕಾಲದಿಂದ ವಾದದ ವಸ್ತುವಾಗಿವೆ. 2025ರ ಡಿಸೆಂಬರ್ ತಿಂಗಳ ಮೊದಲ ವಾರದಲ್ಲಿ ಈ ವಾದವು ಹಠಾತ್ತನೆ ಬೀದಿಗೆ ಬಂದಿತು. ದೇಶದ ಅತಿದೊಡ್ಡ ವಿಮಾನ ಸಂಸ್ಥೆಯಾದ ಇಂಡಿಗೋ ದಿನಕ್ಕೆ ನೂರಾರು ಹಾರಾಟಗಳನ್ನು ರದ್ದು ಮಾಡಿತು. ಡಿಸೆಂಬರ್ 5ರ ಒಂದೇ ದಿನ ರದ್ದಾದವು ಸಾವಿರಕ್ಕೂ ಹೆಚ್ಚು. ಬೆಂಗಳೂರಿನ ನಿಲ್ದಾಣದಲ್ಲಿ ಪ್ರಯಾಣಿಕರು ನೆಲದ ಮೇಲೆ ಮಲಗಿ ರಾತ್ರಿ ಕಳೆದರು. ಹುಬ್ಬಳ್ಳಿಯಲ್ಲಿ ಒಂದು ಆರತಕ್ಷತೆಗೆ ವಧೂವರರೇ ಬಂದು ತಲುಪಲಾರದೆ, ದೂರದ ಊರಿನಿಂದ ಪರದೆಯ ಮೇಲೆ ಕಾಣಿಸಿಕೊಂಡು ಅತಿಥಿಗಳಿಗೆ ಕೈಮುಗಿದರೆಂದೂ, ಅವರ ಪೀಠದಲ್ಲಿ ತಾಯಿತಂದೆಯರು ಕುಳಿತರೆಂದೂ ಪತ್ರಿಕೆಗಳಲ್ಲಿ ಓದಿದೆವು. ನಗು ಬರುವ ಸಂಗತಿಯೆ. ಆದರೆ ನಗುವಿನ ಹಿಂದಿನ ಕಾರಣವನ್ನು ಕೇಳಿದವರು ಕಡಿಮೆ. ವೈಮಾನಿಕರಿಗೆ ಹೆಚ್ಚಿನ ವಿಶ್ರಾಂತಿ ಕೊಡಬೇಕೆಂಬ ನಿಯಮದ ಎರಡನೆಯ ಹಂತ ನವೆಂಬರ್ 1ರಂದು ಜಾರಿಗೆ ಬಂದಿತ್ತು. ಅದಕ್ಕೆ ಬೇಕಾದಷ್ಟು ವೈಮಾನಿಕರು ಸಂಸ್ಥೆಯ ಬಳಿ ಸಿದ್ಧರಿರಲಿಲ್ಲ. ಹಳೆಯ ಸಾಲವೊಂದು ವಸೂಲಿಗೆ ಬಂದಾಗ ಮನೆಯಲ್ಲಿ ಕಾಸಿಲ್ಲದಂತಾಯಿತು.

ಲಿಂಗದಹಳ್ಳಿಯಂಥ ಊರಿನಲ್ಲಿ ಕುಳಿತು ವಿಮಾನದ ಮಾತೇಕೆ ಎಂದು ಯಾರಾದರೂ ಕೇಳಬಹುದು. ಕೆಮ್ಮಣ್ಣುಗುಂಡಿಯ ಹಾದಿಯಲ್ಲಿರುವ ನಮಗೆ ಬಸ್ಸಿನ ವೇಳೆಯೇ ದೊಡ್ಡ ಚಿಂತೆಯಾಗಿದ್ದ ಕಾಲವೊಂದಿತ್ತು. ಈಗ ಹಾಗಲ್ಲ. ಶಿವಮೊಗ್ಗದ ಬಳಿ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ಅವರ ಹೆಸರು ಹೊತ್ತ ವಿಮಾನ ನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅಡಕೆ ತೋಟದ ಮನೆಗಳಿಂದಲೂ ಕಾಫಿ ತೋಟದ ಮನೆಗಳಿಂದಲೂ ಮಕ್ಕಳು ಬೆಂಗಳೂರಿಗೆ, ಅಲ್ಲಿಂದ ಹೊರದೇಶಗಳಿಗೆ ಹೋಗಿಬರುತ್ತಾರೆ. ಜಕ್ಕೂರಿನ ಸರ್ಕಾರಿ ತರಬೇತಿ ಶಾಲೆಯ ಹೆಸರನ್ನು ಕೇಳಿ, ತಾವೂ ವೈಮಾನಿಕರಾಗಬೇಕೆಂದು ಕನಸು ಕಾಣುವ ವಿದ್ಯಾರ್ಥಿಗಳು ಇಂದು ತಾಲ್ಲೂಕಿನ ಕಾಲೇಜುಗಳಲ್ಲಿಯೂ ಸಿಗುತ್ತಾರೆ. ಆದಕಾರಣ ಈ ವಿಚಾರ ಪರಊರಿನದಲ್ಲ. ಮೇಲಾಗಿ, ಈ ವಿಷಯದಲ್ಲಿ ನಮ್ಮ ನಾಡು ತೆತ್ತಷ್ಟು ಬೆಲೆಯನ್ನು ಭಾರತದ ಇನ್ನಾವ ನಾಡೂ ತೆತ್ತಿಲ್ಲವೆಂದರೆ ಅತಿಶಯೋಕ್ತಿಯಾಗದು.

ಬಜಪೆಯ ಬೆಳಗು

2010ರ ಮೇ 22, ಶನಿವಾರ. ದುಬೈಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಯ ವಿಮಾನ ಮಂಗಳೂರಿನ ಬಜಪೆಯ ಗುಡ್ಡದ ನೆತ್ತಿಯಲ್ಲಿರುವ ನಿಲ್ದಾಣಕ್ಕೆ ಬೆಳಗಿನ ಆರು ಗಂಟೆಯ ಸುಮಾರಿಗೆ ಇಳಿಯಿತು. ಅದರಲ್ಲಿ 160 ಪ್ರಯಾಣಿಕರೂ 6 ಮಂದಿ ಸಿಬ್ಬಂದಿಯೂ ಇದ್ದರು. ಕೊಲ್ಲಿಯ ಬಿಸಿಲಿನಲ್ಲಿ ದುಡಿದು, ಮನೆಯ ಮದುವೆಗೋ ಮಗುವಿನ ಮುಖ ನೋಡುವುದಕ್ಕೋ ಮರಳುತ್ತಿದ್ದ ಕರಾವಳಿಯ ಮತ್ತು ಕಾಸರಗೋಡಿನ ಜನರೇ ಅವರಲ್ಲಿ ಬಹುಪಾಲು. ರನ್‌ವೇಯ ಉದ್ದ ಸುಮಾರು 8,000 ಅಡಿ. ವಿಮಾನವು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ ಬಂದು, ರನ್‌ವೇಯ ಮೊದಲ 5,200 ಅಡಿಯನ್ನು ಗಾಳಿಯಲ್ಲಿಯೇ ಕಳೆದು, ಆಮೇಲೆ ನೆಲ ಮುಟ್ಟಿತು. ಉಳಿದ ನೆಲ ಸಾಲಲಿಲ್ಲ. ಅದು ತುದಿಯನ್ನು ದಾಟಿ, ಆಚೆಯ ಕಣಿವೆಗೆ ಉರುಳಿ ಹೊತ್ತಿಕೊಂಡಿತು. ಉಳಿದವರು ಎಂಟೇ ಮಂದಿ. 158 ಜನ ತೀರಿಕೊಂಡರು. ಗುರುತು ಹತ್ತದ ದೇಹಗಳನ್ನು ಕೂಳೂರಿನ ಬಳಿ ನದೀತೀರದಲ್ಲಿ ಮಣ್ಣು ಮಾಡಿದರು. ಅಲ್ಲಿ ಈಗ ಸ್ಮಾರಕವಿದೆ.

ವಾಯುಸೇನೆಯ ನಿವೃತ್ತ ಅಧಿಕಾರಿ ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ವಿಮಾನದೊಳಗಿನ ಧ್ವನಿಮುದ್ರಕ ಯಂತ್ರವು ಕೊನೆಯ ಎರಡು ಗಂಟೆಗಳ ಶಬ್ದವನ್ನು ಹಿಡಿದಿಟ್ಟುಕೊಂಡಿತ್ತು. ಆ ಎರಡು ಗಂಟೆಗಳಲ್ಲಿ ಮೊದಲ 1 ಗಂಟೆ 40 ನಿಮಿಷಗಳ ಕಾಲ ಕ್ಯಾಪ್ಟನ್‌ನ ಮಾತು ಕೇಳಿಸಲಿಲ್ಲ. ನಡುನಡುವೆ ಕೇಳಿಸಿದ್ದು ಗೊರಕೆಯ ಮತ್ತು ದೀರ್ಘ ಉಸಿರಾಟದ ಸದ್ದು. ಇಳಿಯುವ ಹೊತ್ತಿಗೆ ಎಚ್ಚರಗೊಂಡ ಅವನು ವಿಮಾನವನ್ನು ಸರಿಯಾದ ದಾರಿಗೆ ತರಲಾರದೆ ಹೋದನು. ಪಕ್ಕದಲ್ಲಿದ್ದ ಸಹಚಾಲಕನು, ಇಳಿಯುವುದು ಬೇಡ, ಮೇಲೇರಿ ಮತ್ತೊಮ್ಮೆ ಸುತ್ತಿ ಬರೋಣವೆಂದು ಮೂರು ಬಾರಿ ಹೇಳಿದನು. ಯಂತ್ರವೂ ಎಚ್ಚರಿಸುತ್ತಲೇ ಇತ್ತು. ಕ್ಯಾಪ್ಟನ್ ಕೇಳಲಿಲ್ಲ. ಸಲ್ಲದ ಇಳಿಕೆಯನ್ನು ಬಿಡದೆ ಮುಂದುವರಿಸಿದ್ದೇ ಅಪಘಾತಕ್ಕೆ ನೇರ ಕಾರಣವೆಂದು ವರದಿ ಹೇಳಿತು. ದೀರ್ಘ ನಿದ್ದೆಯಿಂದ ಎದ್ದ ಮೇಲಿನ ಮಂಪರು ಅವನ ವಿವೇಚನೆಯನ್ನು ಕುಂದಿಸಿತೆಂಬುದನ್ನು ಪೋಷಕ ಕಾರಣವಾಗಿ ಎಣಿಸಿತು.

ಇಲ್ಲಿ ಒಂದು ಸೂಕ್ಷ್ಮವುಂಟು. ಆ ಕ್ಯಾಪ್ಟನ್ ನಿದ್ದೆಯಿಲ್ಲದೆ ಸೋತವನಲ್ಲ, ನಿದ್ದೆ ಮಾಡಿ ಎದ್ದವನು, ಹಾಗಿದ್ದೂ ಅನಾಹುತವಾಯಿತು. ಗಾಢ ನಿದ್ದೆಯಿಂದ ತಟ್ಟನೆ ಎದ್ದವನ ದೇಹ ಎದ್ದಿರುತ್ತದೆ, ಬುದ್ಧಿ ಇನ್ನೂ ಹಾಸಿಗೆಯಲ್ಲಿರುತ್ತದೆ. ನಡುರಾತ್ರಿಯಲ್ಲಿ ಬಾಗಿಲು ಬಡಿದರೆ ಎದ್ದು ಗೋಡೆಯನ್ನು ತಡಕಾಡುವ ಅನುಭವ ಎಲ್ಲರಿಗೂ ಇದೆ. ಮನೆಯಲ್ಲಿ ಅದು ಹಾಸ್ಯ. ವಿಮಾನದಲ್ಲಿ ಅದು ಸಾವು. ಹೊತ್ತಲ್ಲದ ಹೊತ್ತಿನಲ್ಲಿ, ಕುಳಿತ ಕುರ್ಚಿಯಲ್ಲಿ ಕದ್ದ ನಿದ್ದೆಯು ವಿಶ್ರಾಂತಿಯಾಗಲಾರದು ಎಂಬ ಪಾಠವನ್ನು ಬಜಪೆಯ ಬೆಳಗು ಕಲಿಸಿತು.

ಎತ್ತಿನ ಗಾಡಿಯೂ ಆಕಾಶದ ಗಾಡಿಯೂ

ಹಿಂದೆ ನಮ್ಮ ಸೀಮೆಯಲ್ಲಿ ಅಡಕೆ ಮೂಟೆ ಹೇರಿದ ಗಾಡಿಗಳು ಬೀರೂರಿಗೋ ತರೀಕೆರೆಗೋ ರಾತ್ರಿಯೆಲ್ಲ ಸಾಗುತ್ತಿದ್ದವು. ಗಾಡಿಯ ಕೆಳಗೆ ಲಾಟೀನು ತೂಗುತ್ತಿತ್ತು. ಗಾಡಿಯವನು ಕಂಬಳಿ ಹೊದ್ದು ಮೂಟೆಗಳ ಮೇಲೆ ಒರಗುತ್ತಿದ್ದನು. ಅವನು ನಿದ್ದೆಹೋದರೂ ಎತ್ತುಗಳು ನಿದ್ದೆಹೋಗುತ್ತಿರಲಿಲ್ಲ. ಅವಕ್ಕೆ ಹಾದಿ ಗೊತ್ತು, ಹಳ್ಳ ಗೊತ್ತು, ಎದುರು ಗಾಡಿ ಬಂದರೆ ಸರಿಯುವುದೂ ಗೊತ್ತು. ಮನುಷ್ಯನ ಬುದ್ಧಿ ಮಲಗಿದಾಗ ಪ್ರಾಣಿಯ ಬುದ್ಧಿ ಕಾವಲಿರುತ್ತಿತ್ತು. ಉಗಿಬಂಡಿ ಬಂದಾಗ ಈ ಅನುಕೂಲ ಹೋಯಿತು; ಕಬ್ಬಿಣಕ್ಕೆ ಹಾದಿಯುಂಟು, ಕಣ್ಣಿಲ್ಲ. ಲಾರಿ ಬಸ್ಸುಗಳು ಬಂದಾಗ ಹಾದಿಯೂ ಹೋಯಿತು. ನಡುರಾತ್ರಿಯ ಹೆದ್ದಾರಿಗಳಲ್ಲಿ ನಡೆಯುವ ಅಪಘಾತಗಳ ಸುದ್ದಿಯನ್ನು ಓದುವವರಿಗೆ ಎತ್ತುಗಳ ಬೆಲೆ ತಿಳಿದೀತು.

ವಿಮಾನವು ಈ ಮೂರರಿಂದಲೂ ಭಿನ್ನ. ಅದರಲ್ಲಿ ಎತ್ತಿನ ಕೆಲಸವನ್ನು ಮಾಡುವ ಯಂತ್ರವೊಂದಿದೆ. ಮೇಲೇರಿ ನೆಲೆಗೊಂಡ ಮೇಲೆ ದಿಕ್ಕನ್ನೂ ಎತ್ತರವನ್ನೂ ಅದೇ ಕಾಯ್ದುಕೊಳ್ಳುತ್ತದೆ. ಚಾಲಕರು ನೋಡುತ್ತಿದ್ದರೆ ಸಾಕು. ಆದರೆ 'ನೋಡುತ್ತಿದ್ದರೆ ಸಾಕು' ಎಂಬ ಕೆಲಸವೇ ನಿದ್ದೆಗೆ ಅತಿ ಹತ್ತಿರದ ಕೆಲಸ. ಕತ್ತಲೆಯ ಕೋಣೆ, ಒಂದೇ ಸಮನೆಯ ಮೊರೆತ, ಕೈಗೆ ಕೆಲಸವಿಲ್ಲ. ಪುರಾಣ ಕೇಳುತ್ತ ಕಂಬಕ್ಕೊರಗಿದವನ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ಗಂಟೆಗಟ್ಟಲೆ ಹೀಗೆ ಕುಳಿತವನು, ಇಳಿಯುವ ಕೊನೆಯ ಹತ್ತು ನಿಮಿಷಗಳಲ್ಲಿ ಮಾತ್ರ ತನ್ನ ಬುದ್ಧಿಯನ್ನೆಲ್ಲ ಒಮ್ಮೆಗೇ ಹರಿತಗೊಳಿಸಬೇಕು. 1927ರ ಮೇ ತಿಂಗಳಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಎಂಬ ತರುಣನು ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ, ಎಲ್ಲಿಯೂ ನಿಲ್ಲದೆ, 33 ಗಂಟೆ 30 ನಿಮಿಷಗಳಲ್ಲಿ ದಾಟಿದಾಗ ಅವನ ದೊಡ್ಡ ಶತ್ರು ಬಿರುಗಾಳಿಯಲ್ಲ, ನಿದ್ದೆಯೇ ಆಗಿತ್ತೆಂದು ಅವನೇ ಬರೆದಿಟ್ಟಿದ್ದಾನೆ. ಅದು ಒಬ್ಬ ವೀರನು ಒಮ್ಮೆ ಮಾಡಿದ ಸಾಹಸ. ಆ ಸಾಹಸವನ್ನು ದಿನನಿತ್ಯದ ವೇಳಾಪಟ್ಟಿಯಾಗಿ ಮಾಡಿದರೆ ಅದು ಸಾಹಸವಾಗಿ ಉಳಿಯುವುದಿಲ್ಲ.

ದೇಹದೊಳಗೆ ಒಂದು ಗಡಿಯಾರವಿದೆಯೆಂದು ಇಂದಿನ ಶರೀರಶಾಸ್ತ್ರ ಹೇಳುತ್ತದೆ. ಬೆಳಗಿನ ಜಾವ ಎರಡರಿಂದ ಆರು ಗಂಟೆಯವರೆಗೆ ಅದರ ಓಟ ಅತ್ಯಂತ ಮಂದವಾಗುತ್ತದೆ; ಮೈಯ ಬಿಸಿ ಇಳಿಯುತ್ತದೆ, ಕಣ್ಣು ಕೈಗಳ ಹೊಂದಾಣಿಕೆ ಸಡಿಲುತ್ತದೆ. ಆಸ್ಟ್ರೇಲಿಯದ ಇಬ್ಬರು ಸಂಶೋಧಕರು 1997ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಪ್ರಸಿದ್ಧವಾಗಿದೆ. ಒಂದೇ ಸಮನೆ 17 ಗಂಟೆ ಎಚ್ಚರವಿದ್ದವನ ಕೈಚಳಕವು, ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯಸಾರವಿರುವವನ ಕೈಚಳಕದ ಮಟ್ಟಕ್ಕೆ ಇಳಿಯುತ್ತದೆಂದು ಅವರು ತೋರಿಸಿದರು. ಕುಡಿದು ವಿಮಾನ ಹತ್ತುವ ಚಾಲಕನನ್ನು ನಾವು ಒಂದು ಕ್ಷಣವೂ ಸಹಿಸುವುದಿಲ್ಲ. ಅವನ ಉಸಿರನ್ನು ಪರೀಕ್ಷಿಸುವ ಯಂತ್ರವಿದೆ, ಶಿಕ್ಷೆಯಿದೆ. ನಿದ್ದೆಗೆಟ್ಟು ಹತ್ತುವ ಚಾಲಕನನ್ನು ಮಾತ್ರ ಕರ್ತವ್ಯನಿಷ್ಠನೆಂದು ಹೊಗಳುತ್ತೇವೆ. ಬಳಲಿಕೆಗೆ ವಾಸನೆಯಿಲ್ಲ.

ಶ್ರಮ, ವಿಶ್ರಾಂತಿ

ಮಾತಿನ ವಿಚಾರವಾಗಿ ಇಲ್ಲಿ ಸ್ವಲ್ಪ ಹೇಳುವುದು ಅಪ್ರಸ್ತುತವಾಗದು. ಶ್ರಮ, ಪರಿಶ್ರಮ, ಆಶ್ರಮ, ವಿಶ್ರಾಂತಿ ಇವೆಲ್ಲ ಒಂದೇ ಧಾತುವಿನ ಮಕ್ಕಳು. ದುಡಿಮೆಗೂ ದುಡಿಮೆಯ ನಿಲುಗಡೆಗೂ ನಮ್ಮ ಪೂರ್ವಿಕರು ಒಂದೇ ಬೇರಿನಿಂದ ಹೆಸರು ಕೊಟ್ಟರು. ವಿಶ್ರಾಂತಿಯು ಶ್ರಮದ ವೈರಿಯಲ್ಲ, ಅದರ ಇನ್ನೊಂದು ಅರ್ಧ ಎಂಬ ಭಾವ ಆ ಪದದಲ್ಲಿಯೇ ಅಡಗಿದೆ. ಅಚ್ಚಗನ್ನಡದಲ್ಲಿಯೂ ದಣಿವು ಬೇರೆ, ಬಳಲಿಕೆ ಬೇರೆ. ಹೊಲದಿಂದ ಬಂದವನು ಒಂದು ಚೊಂಬು ನೀರು ಕುಡಿದು ಜಗಲಿಯ ಮೇಲೆ ಕುಳಿತರೆ ದಣಿವಾರುತ್ತದೆ. ಬಳಲಿಕೆ ಹಾಗೆ ಆರುವುದಿಲ್ಲ. ಅದು ದಿನದಿಂದ ದಿನಕ್ಕೆ ಕೂಡುತ್ತ ಹೋಗಿ ಮೈಯಲ್ಲಿ ಬೀಡುಬಿಡುತ್ತದೆ. ವಿಮಾನ ಸಂಸ್ಥೆಗಳು ಲೆಕ್ಕ ಹಾಕುವುದು ದಣಿವನ್ನು; ವೈಮಾನಿಕರು ದೂರುವುದು ಬಳಲಿಕೆಯನ್ನು. ಒಂದೇ ವಿಷಯವನ್ನು ಕುರಿತು ಇಬ್ಬರೂ ಮಾತನಾಡುತ್ತಿದ್ದಾರೆಂದು ನಾವು ತಿಳಿದಿದ್ದೇವೆ, ಅಷ್ಟೆ.

ನಿಯಮಗಳ ಕಥೆ ಈ ಭೇದವನ್ನು ಸ್ಪಷ್ಟಪಡಿಸುತ್ತದೆ. ನಮ್ಮಲ್ಲಿ ಬಹುಕಾಲ ನಡೆದುಬಂದುದು 1992ರ ಒಂದು ಸುತ್ತೋಲೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2007ರ ಜುಲೈ ತಿಂಗಳಲ್ಲಿ ವೈಮಾನಿಕರ ವಿಶ್ರಾಂತಿಯನ್ನು ಕುರಿತು ಹೊಸ ನಿಯಮಗಳನ್ನು ಹೊರಡಿಸಿತು. ವಿಮಾನ ಸಂಸ್ಥೆಗಳು ಆಕ್ಷೇಪಿಸಿದ ಮೇಲೆ 2008ರ ಮೇ ತಿಂಗಳಲ್ಲಿ ಅವನ್ನು ತಡೆಹಿಡಿಯಲಾಯಿತು. ಹಳೆಯ ಸುತ್ತೋಲೆಗೇ ಮರುಜೀವ ಬಂದಿತು. ವೈಮಾನಿಕರ ಸಂಘಗಳು ನ್ಯಾಯಾಲಯದ ಮೆಟ್ಟಿಲೇರಿದವು. ಆ ವ್ಯಾಜ್ಯವು ಮುಂಬಯಿಯ ಉಚ್ಚ ನ್ಯಾಯಾಲಯವನ್ನು ದಾಟಿ, 2011ರ ಮೇ 3ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಸಂಘಗಳ ವಿರುದ್ಧವಾಗಿ ಮುಗಿಯಿತು. ಈ ನಡುವೆ ಬಜಪೆಯ ಅಪಘಾತ ನಡೆದುಹೋಗಿತ್ತು. ಒಂದಕ್ಕೆ ಇನ್ನೊಂದು ಕಾರಣವೆಂದು ಹೇಳುವುದು ನ್ಯಾಯವಲ್ಲ. ಆದರೆ ಕಾಲಕ್ರಮವನ್ನು ಮರೆಯುವುದೂ ನ್ಯಾಯವಲ್ಲ. 2011ರ ಆಗಸ್ಟ್ ತಿಂಗಳಲ್ಲಿ ಹೊಸ ನಿಯಮ ಹೊರಬಂದಿತು.

ಅದಾದ ಮೇಲೆ ಮುಖ್ಯವಾದುದು 2024ರ ಜನವರಿಯ ತಿದ್ದುಪಡಿ. ವಾರಕ್ಕೊಮ್ಮೆ ಕೊಡಬೇಕಾದ ಅಖಂಡ ವಿಶ್ರಾಂತಿಯನ್ನು ಅದು 36 ಗಂಟೆಗಳಿಂದ 48 ಗಂಟೆಗಳಿಗೆ ಏರಿಸಿತು. 'ರಾತ್ರಿ' ಎಂಬುದರ ಅರ್ಥವನ್ನು ಬೆಳಗಿನ ಐದರಿಂದ ಆರು ಗಂಟೆಯವರೆಗೆ ಹಿಗ್ಗಿಸಿತು; ಒಂದು ಗಂಟೆ ಮಾತ್ರವೆನಿಸಿದರೂ ಇಡೀ ದೇಶದ ವೇಳಾಪಟ್ಟಿಯನ್ನು ಅಲುಗಿಸುವ ಗಂಟೆ ಅದು. ರಾತ್ರಿಯ ಹೊತ್ತನ್ನು ಮುಟ್ಟುವ ಕರ್ತವ್ಯದಲ್ಲಿ ಆರು ಬಾರಿ ಇಳಿಯಲು ಇದ್ದ ಅವಕಾಶವನ್ನು ಎರಡಕ್ಕೆ ಇಳಿಸಿತು. 2024ರ ಜೂನ್ ತಿಂಗಳಲ್ಲಿ ಜಾರಿಗೆ ಬರಬೇಕಾಗಿದ್ದ ಈ ನಿಯಮ ಮುಂದಕ್ಕೆ ಹೋಯಿತು. ವೈಮಾನಿಕರು ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋದರು. ಕೊನೆಗೆ 2025ರ ಜುಲೈ 1ರಂದು ಒಂದು ಕಂತು, ನವೆಂಬರ್ 1ರಂದು ಇನ್ನೊಂದು ಕಂತು ಎಂದು ಗೊತ್ತಾಯಿತು. ಎರಡನೆಯ ಕಂತು ಬಂದ ಐದು ವಾರಗಳೊಳಗೆ ಡಿಸೆಂಬರಿನ ರಾದ್ಧಾಂತ ನಡೆಯಿತು. ರಾತ್ರಿಯ ನಿಯಮಗಳಿಂದ ಇಂಡಿಗೋ ಸಂಸ್ಥೆಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ದೊರೆಯಿತು. ವಾರದ ವಿಶ್ರಾಂತಿಗೆ ಬದಲಾಗಿ ರಜೆಯನ್ನು ಎಣಿಸಬಾರದೆಂಬ ಕಲಮನ್ನು ಎಲ್ಲರಿಗೂ ಹಿಂದೆಗೆದುಕೊಳ್ಳಲಾಯಿತು. ಜನವರಿ 2024ರಲ್ಲಿ ಗೊತ್ತಾದ ನಿಯಮಕ್ಕೆ ನವೆಂಬರ್ 2025ರಲ್ಲಿಯೂ ಸಿದ್ಧರಿಲ್ಲದವರಿಗೆ ಮತ್ತೆ ಕಾಲಾವಕಾಶ ಸಿಕ್ಕಿತು. ಪರೀಕ್ಷೆಗೆ ಓದದ ವಿದ್ಯಾರ್ಥಿಗಳೇ ಪರೀಕ್ಷೆಯನ್ನು ಮುಂದೂಡಿಸಿದ ಪ್ರಸಂಗವನ್ನು ನಮ್ಮ ಅಧ್ಯಾಪಕ ಮಿತ್ರರು ಇಲ್ಲಿ ನೆನೆಯಬಹುದು.

ಚಿಕ್ಕ ಊರು, ಚಿಕ್ಕ ವಿಮಾನ

ಈ ನಿಯಮಗಳ ಭಾರ ಚಿಕ್ಕ ಊರುಗಳ ಹಾರಾಟದಲ್ಲಿ ಬೇರೊಂದು ರೂಪ ತಾಳುತ್ತದೆ. ದೂರದೇಶಕ್ಕೆ ಹೋಗುವ ವಿಮಾನ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಬೆಂಗಳೂರಿನಿಂದ ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹಾರುವ ವಿಮಾನದ ಪ್ರಯಾಣ ಒಂದು ಗಂಟೆಯ ಆಸುಪಾಸು. ಅದನ್ನು ನಡೆಸುವವರು ದಿನಕ್ಕೆ ನಾಲ್ಕು, ಐದು, ಆರು ಬಾರಿ ಏರಿಳಿಯಬೇಕು. ಪ್ರತಿಯೊಂದು ಏರಿಕೆಗೂ ಇಳಿಕೆಗೂ ಅದೇ ಎಚ್ಚರ, ಅದೇ ಪಟ್ಟಿ, ಅದೇ ಸಂಭಾಷಣೆ. ಮಳೆಗಾಲದ ಮಲೆನಾಡಿನ ಮೋಡ ಸೋಗಾನೆಯ ಮೇಲೆ ಕುಳಿತರೆ, ಸುತ್ತಿ ಕಾಯಬೇಕೆ, ಹಿಂತಿರುಗಬೇಕೆ ಎಂಬ ನಿರ್ಧಾರ ಬೇರೆ. ಅದಕ್ಕಾಗಿಯೇ ಇಳಿಯುವ ಸಂಖ್ಯೆ ಹೆಚ್ಚಿದಂತೆ ಕರ್ತವ್ಯದ ಗಂಟೆಗಳು ಕಡಿಮೆಯಾಗಬೇಕೆಂದು ನಿಯಮವಿದೆ. ವರ್ಷಕ್ಕೆ 1,000 ಗಂಟೆಗಳಿಗಿಂತ ಹೆಚ್ಚು ಹಾರಬಾರದೆಂದು ಮಿತಿಯಿದೆ. ಆದರೆ ಸಾವಿರ ಗಂಟೆಗಳ ದೂರದ ಹಾರಾಟವೂ ಸಾವಿರ ಗಂಟೆಗಳ ಚಿಕ್ಕ ಹಾರಾಟಗಳೂ ಕಾಗದದ ಮೇಲೆ ಒಂದೇ, ಮೈಯಲ್ಲಿ ಒಂದಲ್ಲ. ಕಡೂರಿಗೆ ಒಮ್ಮೆ ನಡೆದು ಹೋಗುವುದಕ್ಕೂ, ಅಷ್ಟೇ ಹೆಜ್ಜೆಗಳನ್ನು ಮನೆಯ ಮೆಟ್ಟಿಲ ಮೇಲೆ ಹತ್ತಿಳಿದು ಮುಗಿಸುವುದಕ್ಕೂ ವ್ಯತ್ಯಾಸವಿದೆಯಷ್ಟೆ.

ಎರಡು ಕರ್ತವ್ಯಗಳ ನಡುವೆ ಕನಿಷ್ಠ 12 ಗಂಟೆ, ಅಥವಾ ಹಿಂದಿನ ಕರ್ತವ್ಯ ಅದಕ್ಕಿಂತ ಉದ್ದವಾಗಿದ್ದರೆ ಅಷ್ಟು ಹೊತ್ತು, ವಿಶ್ರಾಂತಿ ಕೊಡಬೇಕು. ಕೇಳುವುದಕ್ಕೆ ಧಾರಾಳವಾಗಿದೆ. ದೇವನಹಳ್ಳಿಯ ನಿಲ್ದಾಣದಿಂದ ಬೆಂಗಳೂರಿನ ದಕ್ಷಿಣ ಬಡಾವಣೆಯ ಮನೆಗೆ ಹೋಗಿಬರುವ ಹೊತ್ತು, ಊಟ, ಸ್ನಾನ, ಮಕ್ಕಳ ಮುಖ, ವೃದ್ಧ ತಾಯಿಯ ಔಷಧ ಇವನ್ನೆಲ್ಲ ಕಳೆದರೆ ಉಳಿಯುವುದೆಷ್ಟು? ನಿನ್ನೆ ರಾತ್ರಿಯ ಪಾಳಿ, ನಾಳೆ ಬೆಳಗಿನ ಜಾವದ ಪಾಳಿ ಎಂದಾದರೆ, ಹಾಸಿಗೆ ಸಿಕ್ಕಿದರೂ ನಿದ್ದೆ ಸಿಕ್ಕೀತೆಂಬ ಭರವಸೆಯಿಲ್ಲ. 'ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂದು ನಮ್ಮ ಗಾದೆ. ಅದನ್ನು ತಿರುಗಿಸಿ ಓದಿದರೆ, ಚಿಂತೆಯುಳ್ಳವನಿಗೆ ಅರಮನೆಯಲ್ಲೂ ನಿದ್ದೆಯಿಲ್ಲ.

ವೈಮಾನಿಕನ ಚಿಂತೆ ಯಾವುದು? ಅದು ಕರಾರಿನ ಚಿಂತೆ. ಈ ವೃತ್ತಿಗೆ ಬರಲು ಲಕ್ಷಗಟ್ಟಲೆ ಹಣ ಬೇಕು. ಎಷ್ಟೋ ಮನೆಗಳು ಜಮೀನನ್ನು ಅಡವಿಟ್ಟು ಮಗನನ್ನೋ ಮಗಳನ್ನೋ ಓದಿಸುತ್ತವೆ. ಒಂದು ಬಗೆಯ ವಿಮಾನವನ್ನು ನಡೆಸಲು ಕಲಿತವನಿಗೆ ಇನ್ನೊಂದು ಬಗೆಯದನ್ನು ನಡೆಸಲು ಬೇರೆ ತರಬೇತಿ, ಬೇರೆ ಖರ್ಚು. ಕೆಲಸ ಕೊಟ್ಟ ಸಂಸ್ಥೆಯು ಇಷ್ಟು ವರ್ಷ ಬಿಟ್ಟುಹೋಗಬಾರದೆಂದು ಬರೆಸಿಕೊಳ್ಳುವುದುಂಟು. 2017ರಲ್ಲಿ ಬಂದ ನಿಯಮದ ಪ್ರಕಾರ ಕ್ಯಾಪ್ಟನ್ ರಾಜೀನಾಮೆ ಕೊಡಬೇಕಾದರೆ ಒಂದು ವರ್ಷ ಮುಂಚೆಯೂ, ಸಹಚಾಲಕನಾದರೆ ಆರು ತಿಂಗಳು ಮುಂಚೆಯೂ ತಿಳಿಸಬೇಕು. ಸಂಬಳದಲ್ಲಿ ಒಂದು ಭಾಗ ಹಾರಿದ ಗಂಟೆಗಳನ್ನು ಅವಲಂಬಿಸುವುದು ವಾಡಿಕೆ. 'ನನಗೆ ಬಳಲಿಕೆಯಾಗಿದೆ, ಈ ಹೊತ್ತು ಹಾರಲಾರೆ' ಎಂದು ಹೇಳುವ ಹಕ್ಕನ್ನು ನಿಯಮ ಕೊಟ್ಟಿದೆ. ಹಾಗೆ ಹೇಳಿದ ದಿನದ ಗಂಟೆಗಳನ್ನು ಕರಾರು ಕಳೆದುಕೊಳ್ಳುತ್ತದೆ. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಹಿಂದೆಗೆದುಕೊಂಡಂತಾಯಿತಲ್ಲವೆ?

ಈ ಸಂಸ್ಥೆಗಳ ಬದುಕೂ ಸುಭದ್ರವಲ್ಲವೆಂಬುದನ್ನು ಒಪ್ಪಬೇಕು. ಚಿಕ್ಕ ಊರುಗಳನ್ನು ಮುಟ್ಟಲೆಂದು 1981ರಲ್ಲಿ ಸರ್ಕಾರವೇ ಸ್ಥಾಪಿಸಿದ ವಾಯುದೂತ್ 1993ರಲ್ಲಿ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಲೀನವಾಯಿತು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥರು ಸಾಮಾನ್ಯನೂ ವಿಮಾನ ಹತ್ತಬೇಕೆಂದು ಬೆಂಗಳೂರಿನಲ್ಲಿ 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್ ಕೆಲವೇ ವರ್ಷಗಳಲ್ಲಿ ಕಿಂಗ್‌ಫಿಷರ್ ಸಂಸ್ಥೆಯ ಪಾಲಾಯಿತು. ಆ ಕಿಂಗ್‌ಫಿಷರ್ ತನ್ನ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಕೊಡಲಾರದೆ, 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು; ಅದೇ ತಿಂಗಳ 20ರಂದು ಅದರ ಪರವಾನಗಿಯನ್ನು ಅಮಾನತುಗೊಳಿಸಲಾಯಿತು. ಸಂಬಳವಿಲ್ಲದ ವೈಮಾನಿಕನ ಕೈಗೆ ನೂರಾರು ಜನರ ಪ್ರಾಣವನ್ನು ಒಪ್ಪಿಸುವುದು ಎಷ್ಟು ಸರಿ ಎಂಬ ಪ್ರಶ್ನೆ ಆ ದಿನಗಳಲ್ಲಿ ಎದ್ದಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಸಾರಿದ 'ಉಡಾನ್' ಯೋಜನೆ ಈ ಕಷ್ಟವನ್ನು ಬಗೆಹರಿಸಲು ಮಾಡಿದ ಒಂದು ಯತ್ನ. ಒಂದು ಗಂಟೆಯ ಪ್ರಯಾಣಕ್ಕೆ ಸುಮಾರು 2,500 ರೂಪಾಯಿಗಳೆಂದು ಕೆಲವು ಆಸನಗಳ ದರವನ್ನು ಕಟ್ಟಿ, ಸಂಸ್ಥೆಗೆ ಬೀಳುವ ನಷ್ಟವನ್ನು ತುಂಬಿಕೊಟ್ಟು, ಮೂರು ವರ್ಷ ಆ ಹಾದಿಯನ್ನು ಅದಕ್ಕೇ ಬಿಟ್ಟುಕೊಡುವುದು ಅದರ ಕ್ರಮ. ಈ ಕರಾರುಗಳಲ್ಲಿ ದರ, ಆಸನ, ಹಾರಾಟಗಳ ಸಂಖ್ಯೆ ಎಲ್ಲಕ್ಕೂ ಲೆಕ್ಕವಿದೆ. ಎಲ್ಲ ಲೆಕ್ಕವೂ ಬಿಗಿಯಾದಾಗ ಸಡಿಲವಾಗಿ ಉಳಿಯುವ ಹಗ್ಗ ಒಂದೇ. ಅದು ನಡೆಸುವವನ ನಿದ್ದೆ.

ಅಮೆರಿಕದ ಉದಾಹರಣೆಯೊಂದನ್ನು ಇಲ್ಲಿ ಹೇಳಬೇಕು. 2009ರ ಫೆಬ್ರವರಿ 12ರ ರಾತ್ರಿ ಬಫೆಲೋ ನಗರದ ಬಳಿ ಚಿಕ್ಕ ವಿಮಾನವೊಂದು ಮನೆಯೊಂದರ ಮೇಲೆ ಬಿದ್ದು 50 ಜನ ಸತ್ತರು. ಪ್ರಯಾಣಿಕರು ಟಿಕೀಟು ಕೊಂಡದ್ದು ಕಾಂಟಿನೆಂಟಲ್ ಎಂಬ ದೊಡ್ಡ ಸಂಸ್ಥೆಯ ಹೆಸರಿನಲ್ಲಿ. ವಿಮಾನ ನಡೆಸಿದ್ದು ಕೋಲ್ಗನ್ ಎಂಬ ಗುತ್ತಿಗೆಯ ಸಂಸ್ಥೆ. ಸಹಚಾಲಕಿಯಾದ ತರುಣಿಗೆ ಸಿಗುತ್ತಿದ್ದ ಸಂಬಳ ಅತ್ಯಲ್ಪ. ಅವಳು ದೇಶದ ಇನ್ನೊಂದು ತುದಿಯ ಸಿಯಾಟಲಿನಿಂದ ರಾತ್ರಿಯೆಲ್ಲ ಸರಕಿನ ವಿಮಾನಗಳಲ್ಲಿ ಪಯಣಿಸಿ ಕೆಲಸಕ್ಕೆ ಬಂದಿದ್ದಳು. ಕ್ಯಾಪ್ಟನ್‌ನ ತಪ್ಪು ಪ್ರತಿಕ್ರಿಯೆಯೇ ಅಪಘಾತಕ್ಕೆ ಕಾರಣವೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಬಳಲಿಕೆಯೂ ಇಬ್ಬರ ಮೇಲೆ ಪರಿಣಾಮ ಮಾಡಿರಬಹುದು, ಎಷ್ಟೆಂದು ಅಳೆಯಲಾಗದು ಎಂದು ವರದಿ ತಿಳಿಸಿತು. ಸತ್ತವರ ಬಂಧುಗಳು ಸುಮ್ಮನಿರಲಿಲ್ಲ. ರಾಜಧಾನಿಗೆ ಮತ್ತೆ ಮತ್ತೆ ಹೋಗಿ, ಶಾಸನಸಭೆಯ ಸದಸ್ಯರನ್ನು ಕಂಡು ಒತ್ತಾಯಿಸಿದರು. 2010ರಲ್ಲಿ ಕಾಯಿದೆ ಬಂದಿತು. ಕರ್ತವ್ಯಕ್ಕೆ ಮೊದಲು 10 ಗಂಟೆ ವಿಶ್ರಾಂತಿ, ಅದರಲ್ಲಿ 8 ಗಂಟೆ ಅಡ್ಡಿಯಿಲ್ಲದ ನಿದ್ದೆಗೆ ಅವಕಾಶ ಎಂಬ ನಿಯಮ 2014ರ ಜನವರಿಯಿಂದ ಜಾರಿಯಾಯಿತು. ಆ ನಿಯಮದಲ್ಲಿ 'ವಿಶ್ರಾಂತಿ' ಎಂಬ ಮಾತಿನ ಜೊತೆಗೆ 'ನಿದ್ದೆ' ಎಂಬ ಮಾತನ್ನೂ ಹೆಸರಿಟ್ಟು ಹೇಳಿರುವುದು ಗಮನಾರ್ಹ. ನಿದ್ದೆಯ ಹೆಸರು ಹೇಳಲು ಕಾನೂನಿಗೆ ಸಂಕೋಚವಾಗಬಾರದು.

ಸಂಸ್ಥೆಗಳ ವಾದವನ್ನೂ ಆಲಿಸೋಣ. ವಿಶ್ರಾಂತಿ ಹೆಚ್ಚಿದರೆ ಹೆಚ್ಚು ಜನ ವೈಮಾನಿಕರು ಬೇಕು. ಅನುಭವಿ ಕ್ಯಾಪ್ಟನ್ ಒಂದು ದಿನದಲ್ಲಿ ತಯಾರಾಗುವುದಿಲ್ಲ. ಖರ್ಚು ಏರಿದರೆ ದರ ಏರುತ್ತದೆ. ದರ ಏರಿದರೆ ಮೊದಲು ನಿಲ್ಲುವುದು ದೊಡ್ಡ ನಗರಗಳ ನಡುವಿನ ಹಾರಾಟವಲ್ಲ, ಶಿವಮೊಗ್ಗ, ಬೀದರಗಳಂಥ ಊರುಗಳ ಹಾರಾಟ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಈ ಸತ್ಯದಿಂದ ಹೊರಡುವ ತೀರ್ಮಾನ ಯಾವುದು? ನಮ್ಮ ಊರಿಗೆ ವಿಮಾನ ಬರಬೇಕಾದರೆ ಅದನ್ನು ತರುವವನು ಅರೆನಿದ್ದೆಯಲ್ಲಿರಬೇಕೆಂದೆ? ಹಾಗಾದರೆ ಅಗ್ಗದ ಟಿಕೀಟಿನ ಉಳಿದ ಬೆಲೆಯನ್ನು ನಾವು ಕಾಸಿನಲ್ಲಿ ಕೊಡುತ್ತಿಲ್ಲ, ಕಾಣದ ಇನ್ನೊಂದು ನಾಣ್ಯದಲ್ಲಿ ಕೊಡುತ್ತಿದ್ದೇವೆ. ಸರ್ಕಾರವು ಚಿಕ್ಕ ಊರಿನ ಆಸನಗಳ ನಷ್ಟವನ್ನು ತುಂಬಿಕೊಡುವುದು ನ್ಯಾಯವಾದರೆ, ಆ ಆಸನಗಳನ್ನು ಹೊತ್ತು ತರುವವರ ವಿಶ್ರಾಂತಿಯ ಖರ್ಚನ್ನೂ ಅದೇ ಲೆಕ್ಕದಲ್ಲಿ ಸೇರಿಸುವುದು ನ್ಯಾಯವೇ. ಒಳ್ಳೆಯ ಸಂಬಳ ಪಡೆಯುವವರಿಗೆ ಇಷ್ಟೇಕೆ ಮರುಕ ಎಂಬ ಆಕ್ಷೇಪಕ್ಕೂ ಇದೇ ಉತ್ತರ. ಇದು ವೈಮಾನಿಕನ ಮೇಲಿನ ಮರುಕವಲ್ಲ. ಅವನ ಹಿಂದೆ, ಬೆಲ್ಟು ಬಿಗಿದು, ಅವನ ಮುಖವನ್ನೇ ನೋಡದೆ ನಂಬಿ ಕುಳಿತವರ ಹಕ್ಕು.

ಆದ್ದರಿಂದ ನಾವು ಪ್ರಯಾಣಿಕರೂ ಒಂದು ಹೊಸ ಅಭ್ಯಾಸ ಮಾಡಿಕೊಳ್ಳಬೇಕಾಗಿದೆ. ಚಾಲಕರ ಕರ್ತವ್ಯದ ಅವಧಿ ಮುಗಿದಿದೆ, ಬೇರೆಯವರು ಬರುವವರೆಗೆ ವಿಮಾನ ತಡವಾಗುತ್ತದೆಂದು ನಿಲ್ದಾಣದಲ್ಲಿ ಸಾರಿದರೆ, ಕೌಂಟರಿನ ಮುಂದೆ ಗುಂಪುಗೂಡಿ ಅಲ್ಲಿರುವ ಹುಡುಗಿಯನ್ನು ಗದರಿಸುವುದು ನಮ್ಮ ಈಗಿನ ಪದ್ಧತಿ. ಇನ್ನು ಮುಂದೆ ಹಾಗೆ ಮಾಡುವ ಮೊದಲು ಬಜಪೆಯ ಗುಡ್ಡವನ್ನೊಮ್ಮೆ ನೆನೆಯೋಣ. ಎಲ್ಲಿಯೋ ಒಬ್ಬ ವೈಮಾನಿಕನು 'ನನಗೆ ಆಗುವುದಿಲ್ಲ' ಎಂದು ಹೇಳುವ ಧೈರ್ಯ ಮಾಡಿದ್ದಾನೆ, ಅವನ ಮಾತನ್ನು ಒಬ್ಬ ಅಧಿಕಾರಿ ಕೇಳಿದ್ದಾನೆ ಎಂದು ತಿಳಿಯೋಣ. ಮೂರು ಬಾರಿ ಹೇಳಿದರೂ ಕೇಳದೆ ಹೋದ ಒಂದು ಬೆಳಗಿಗೆ ಹೋಲಿಸಿದರೆ, ನಿಲ್ದಾಣದ ಕುರ್ಚಿಯಲ್ಲಿ ಕಳೆಯುವ ಮೂರು ಗಂಟೆ ದೊಡ್ಡದಲ್ಲ. ಅಷ್ಟು ಹೊತ್ತು ಅವನು ಮಲಗಲಿ.